‘ಗೆಟ್’ ಕ್ರಿಯಾಪದಕ್ಕೆ ಇಷ್ಟೊಂದು ಅರ್ಥಗಳಿರುವುದು ಹೇಗೆ?

ಪ್ರಶ್ನೆ – ಹಾಸನದ ಓದುಗ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್ ಬಳಸಬೇಕಾಗಿ ಬಂದಿರುವ ನನಗೆ ‘ಗೆಟ್’ ಎಂಬ ಕ್ರಿಯಾಪದ ಕಗ್ಗಂಟಾಗಿದೆ. ಶಾಲೆಯಲ್ಲಿ ಅದಕ್ಕೆ ‘ಪಡೆ’ ಎಂಬ ಒಂದೇ ಅರ್ಥವನ್ನು ಹೇಳಿಕೊಟ್ಟಿದ್ದರು. ಸಹೋದ್ಯೋಗಿಗಳು ಮಾತ್ರ ‘ಐ ಗಾಟ್ ಹೋಮ್ ಲೇಟ್’, ‘ಇಟ್ಸ್ ಗೆಟಿಂಗ್ ಡಾರ್ಕ್’, ‘ಐ ಡಿಡ್ ನಾಟ್ ಗೆಟ್ ದಿ ಜೋಕ್’, ‘ಹಿ ಗಾಟ್ ಟ್ರಾನ್ಸ್‌ಫರ್ಡ್’ ಎನ್ನುತ್ತಿರುತ್ತಾರೆ. ಇವುಗಳಲ್ಲಿ ಪಡೆಯುವ ಮಾತು ಎಲ್ಲಿದೆ? ಎಲ್ಲವನ್ನೂ ಬಾಯಿಪಾಠ ಮಾಡಬೇಕೇ ಅಥವಾ ಒಳಗೆ ಏನಾದರೂ ಕ್ರಮವಿದೆಯೇ? ಅರ್ಜಿ, ವರದಿಗಳಲ್ಲಿ ಈ ಪದವನ್ನು ಬಳಸಲೇಬಾರದು ಎಂದು ಹಿರಿಯರೊಬ್ಬರು ಹೇಳುತ್ತಾರೆ. ಅದು ನಿಜವೇ?

ಉತ್ತರ – ನಿವೃತ್ತ ಮೇಷ್ಟರು

ಕ್ರಮವಿದೆ. ‘ಗೆಟ್’ ಪದವನ್ನಷ್ಟೇ ದಿಟ್ಟಿಸಿದರೆ ಅದು ಕಾಣುವುದಿಲ್ಲ, ಅದರ ಮುಂದೆ ಏನು ಬಂದಿದೆ ಎಂಬುದನ್ನು ನೋಡಬೇಕು. ಮುಂದೆ ವಸ್ತು ಬಂದರೆ ‘ಸಿಗು’ ಅಥವಾ ‘ತರು’, ಸ್ಥಳ ಬಂದರೆ ‘ತಲುಪು’, ಗುಣವಾಚಕ ಬಂದರೆ ‘ಆಗು’. ಜೋಕು, ಮಾತು, ವಿಷಯ ಬಂದರೆ ಅದು ತಲೆಗೆ ಹತ್ತಿತು ಎಂದರ್ಥ. ಇವೆಲ್ಲದರಲ್ಲಿಯೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಭಾವವಿದೆ: ಇಲ್ಲದ್ದು ಕೈಸೇರುತ್ತದೆ, ದಾರಿಯಲ್ಲಿದ್ದವನು ಮನೆ ಮುಟ್ಟುತ್ತಾನೆ, ಬೆಳಕಿದ್ದಲ್ಲಿ ಕತ್ತಲಾಗುತ್ತದೆ. ‘ಶಿ ಈಸ್ ಮ್ಯಾರಿಡ್’ ಎಂದರೆ ಅವಳು ವಿವಾಹಿತೆ ಎಂಬ ಸ್ಥಿತಿಯಷ್ಟೇ ತಿಳಿಯುತ್ತದೆ, ‘ಶಿ ಗಾಟ್ ಮ್ಯಾರಿಡ್ ಇನ್ ಮೇ’ ಎಂದಾಗ ಮದುವೆ ನಡೆದ ಸಂದರ್ಭ ತಿಳಿಯುತ್ತದೆ. ಅಲ್ಲಿ ‘ಗೆಟ್’ ಬಿಟ್ಟರೆ ಅಷ್ಟು ಸಲೀಸಾದ ಬೇರೆ ಪದ ಇಂಗ್ಲಿಷಿನಲ್ಲಿಲ್ಲ.

ಉತ್ತರ – ಧಾರವಾಡದ ಭಾಷಾ ವಿದ್ಯಾರ್ಥಿನಿ

ಮೇಷ್ಟರ ಮಾತನ್ನು ಒಪ್ಪುತ್ತೇನೆ. ಅವರು ಮುಟ್ಟದೆ ಬಿಟ್ಟ ‘ಗಾಟ್ ಟ್ರಾನ್ಸ್‌ಫರ್ಡ್’ ಮಾದರಿಯ ಬಗ್ಗೆ ತುಸು ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಕನ್ನಡಿಗರಿಗೆ ಇದು ಹೊಸದೇನೂ ಅಲ್ಲ. ನಾವು ‘ದರ್ಜಿಯ ಹತ್ತಿರ ಅಂಗಿ ಹೊಲಿಸಿಕೊಂಡೆ’ ಎನ್ನುತ್ತೇವೆ, ‘ಮೇಷ್ಟರ ಕೈಲಿ ಬೈಸಿಕೊಂಡೆ’, ‘ನಾಯಿಯಿಂದ ಕಚ್ಚಿಸಿಕೊಂಡ’ ಎಂದೂ ಎನ್ನುತ್ತೇವೆ. ಮೊದಲನೆಯದು ಬೇಕೆಂದೇ ಮಾಡಿಸಿದ್ದು, ಉಳಿದೆರಡು ಬೇಡವೆಂದರೂ ಮೇಲೆ ಬಿದ್ದದ್ದು; ಆದರೂ ಮೂರಕ್ಕೂ ‘ಇಸಿಕೊಳ್ಳು’ ಎಂಬ ಒಂದೇ ರೂಪ ಸಾಕಾಗುತ್ತದೆ. ಇಂಗ್ಲಿಷಿನ ‘ಗೆಟ್’ ಕೂಡ ಈ ಎರಡೂ ಕೆಲಸಗಳನ್ನು ಮಾಡುತ್ತದೆ: ‘ಐ ಗಾಟ್ ಎ ಶರ್ಟ್ ಸ್ಟಿಚ್ಡ್’, ‘ಐ ಗಾಟ್ ಸ್ಕೋಲ್ಡೆಡ್’, ‘ಹಿ ಗಾಟ್ ಬಿಟನ್ ಬೈ ಎ ಡಾಗ್’. ಎರಡು ಭಾಷೆಗಳಿಗೂ ಕುಲಸಂಬಂಧವಿಲ್ಲದಿದ್ದರೂ ಹೀಗೆ ಹೊಂದಿಕೊಂಡಿರುವುದು ನನಗಂತೂ ಬಹಳ ಇಷ್ಟ.

ಒಂದು ಎಚ್ಚರಿಕೆ ಅಗತ್ಯ. ‘ಐ ಗಾಟ್ ರಿಪೇರ್ಡ್ ದಿ ಬೈಕ್’ ಎಂಬ ಪ್ರಯೋಗ ನಮ್ಮಲ್ಲಿ ಬಹಳ ಕೇಳಿಬರುತ್ತದೆಯಾದರೂ ಸರಿಯಾದ ಕ್ರಮ ‘ಐ ಗಾಟ್ ದಿ ಬೈಕ್ ರಿಪೇರ್ಡ್’. ‘ಬೈಕ್ ರಿಪೇರಿ ಮಾಡಿಸಿದೆ’ ಎನ್ನುವಾಗ ಬೈಕ್ ಮೊದಲು, ರಿಪೇರಿ ಆಮೇಲೆ ಬರುತ್ತದಲ್ಲವೇ? ಇಲ್ಲಿಯೂ ಅದೇ ಅನುಕ್ರಮ.

ಉತ್ತರ – ಅಮೆರಿಕದಲ್ಲಿರುವ ಕನ್ನಡಿಗ

ದಾಟುವ ಭಾವ ಎಲ್ಲ ಕಡೆಯೂ ಉಳಿದಿಲ್ಲ. ‘ಐ ಹ್ಯಾವ್ ಗಾಟ್ ಟು ಬ್ರದರ್ಸ್’ ಎಂದರೆ ನನಗೆ ಇಬ್ಬರು ಸಹೋದರರಿದ್ದಾರೆ ಎಂದಷ್ಟೇ. ಇಲ್ಲಿ ಯಾರೂ ಏನನ್ನೂ ಪಡೆದಿಲ್ಲ. ಪಡೆದದ್ದು ಕೈಯಲ್ಲಿರುತ್ತದೆ ಎಂಬ ಹಾದಿಯಲ್ಲಿ ಸಾಗಿ ‘ಪಡೆದಿದ್ದೇನೆ’ ಎಂಬುದು ‘ನನ್ನಲ್ಲಿದೆ’ ಎಂದಾಗಿಬಿಟ್ಟಿದೆ. ಅಮೆರಿಕನ್ನರು ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ: ಪತ್ರ ನನ್ನ ಬಳಿ ಇದೆ ಎನ್ನಲು ‘ಹ್ಯಾವ್ ಗಾಟ್’, ಪತ್ರ ಬಂದು ತಲುಪಿದೆ ಎನ್ನಲು ‘ಹ್ಯಾವ್ ಗಾಟನ್’. ‘ಗಾಟನ್’ ಅಮೆರಿಕನ್ನರು ಕೆಡಿಸಿದ ರೂಪ ಎಂದು ಮೂಗು ಮುರಿಯುವವರಿದ್ದಾರೆ. ವಾಸ್ತವದಲ್ಲಿ ಅದು ಹಳೆಯ ರೂಪವೇ, ಬ್ರಿಟನ್ನಿನಲ್ಲಿ ಬಳಕೆ ತಪ್ಪಿತು. ಪದದ ಮೂಲವಾದರೋ ಉತ್ತರದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ನುಡಿ. ‘ಫರ್ಗೆಟ್’ನಲ್ಲಿ ಅಡಗಿರುವುದು ಇದರದೇ ಬಳಗದ ಹಳೆಯ ಇಂಗ್ಲಿಷ್ ಧಾತು.

ಅರ್ಜಿಯ ಮಾತಿಗೆ ಬಂದರೆ, ಆ ಹಿರಿಯರ ಸಲಹೆಯಲ್ಲಿ ಅರ್ಧ ಹುರುಳಿದೆ. ‘ಗಾಟ್ ಯುವರ್ ಲೆಟರ್’ ಎಂಬುದಕ್ಕಿಂತ ‘ರಿಸೀವ್ಡ್’ ಎಂದು ಬರೆಯುವುದು ಕಚೇರಿಗೆ ಒಪ್ಪುತ್ತದೆ. ಆದರೆ ಮಾತಿನಲ್ಲಿಯೂ ‘ಗೆಟ್’ ತಪ್ಪಿಸಿ ‘ಐ ಅರೈವ್ಡ್ ಅಟ್ ಮೈ ರೆಸಿಡೆನ್ಸ್’ ಎಂದರೆ ಕೇಳುವವರು ನಕ್ಕಾರು.

ಹಾಸನದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ: ‘ಗೆಟ್ ಹಿಮ್ ಟು ಸೈನ್’ ಮತ್ತು ‘ಮೇಕ್ ಹಿಮ್ ಸೈನ್’ ಎರಡೂ ಒಂದೇ ಏನು?

ಧಾರವಾಡದ ಭಾಷಾ ವಿದ್ಯಾರ್ಥಿನಿ

ಎರಡಕ್ಕೂ ನಾವು ‘ರುಜು ಹಾಕಿಸು’ ಎನ್ನಬಹುದಾದರೂ ಭಾವ ಬೇರೆ. ‘ಗೆಟ್’ನಲ್ಲಿ ಹೇಗೋ ಪುಸಲಾಯಿಸಿ ಒಪ್ಪಿಸಿದ ಧ್ವನಿಯಿದೆ, ‘ಮೇಕ್’ನಲ್ಲಿ ಒತ್ತಾಯವಿದೆ. ‘ಗೆಟ್’ ಬಳಸಿದಾಗ ‘ಟು’ ಬೇಕೇ ಬೇಕು, ‘ಮೇಕ್’ ಬಳಸಿದಾಗ ಬರಕೂಡದು.