ಹಡಗು ನಿಲ್ಲೋಕೆ ಜಾಗವಿಲ್ಲದ ಕಡೆ ಮದ್ರಾಸು ಯಾಕೆ ಕಟ್ಟಿದರು?

ಘಟ್ಟದವ:
ನನ್ನೂರು ಸಕಲೇಶಪುರ. ಚೆನ್ನೈಗೆ ಬಂದು ಮೂರು ವರ್ಷ, ಆಫೀಸು ಪ್ಯಾರಿಸ್ ಕಾರ್ನರ್ ಹತ್ತಿರ. ಭಾನುವಾರ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂ ನೋಡಿ ಬಂದಾಗಿನಿಂದ ಒಂದು ಅನುಮಾನ ತಲೆ ತಿನ್ನುತ್ತಿದೆ. ಹಡಗಿಗೆ ಮರೆ ಕೊಡುವ ಚಿಕ್ಕ ಕೊಲ್ಲಿ ಇಲ್ಲಿಲ್ಲ, ಅಲೆಯ ಅಬ್ಬರ ಬೇರೆ. ನನಗಂತೂ ಮೊಣಕಾಲುದ್ದ ನೀರಿಗಿಳಿಯೋಕೂ ಭಯ. ಹಡಗಿನಲ್ಲಿ ಬಂದವರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲಿಲ್ವಾ?

ಹಳೇನಾಣ್ಯ:
ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರಿಗೆ ಬೇಕಿದ್ದದ್ದು ಬಟ್ಟೆ. ಅವರು ಮೊದಲು ನೆಲೆಯೂರಿದ್ದ ಆಂಧ್ರ ತೀರದ ಮಚಲೀಪಟ್ಟಣದಲ್ಲಿ ಗೋಲ್ಕೊಂಡ ಸುಲ್ತಾನರ ಅಧಿಕಾರಿಗಳ ಕಾಟ, ಜೊತೆಗೆ ಡಚ್ಚರ ಪೈಪೋಟಿ. ಕಂಪನಿಯ ಅಧಿಕಾರಿ ಫ್ರಾನ್ಸಿಸ್ ಡೇ ತೀರದುದ್ದಕ್ಕೂ ದಕ್ಷಿಣಕ್ಕೆ ಹುಡುಕುತ್ತಾ ಬಂದ. ಇಲ್ಲಿ ಬಟ್ಟೆ ಅಗ್ಗ ಎಂದು ಮೇಲಿನವರನ್ನು ಒಪ್ಪಿಸಿದ. (ಪಕ್ಕದ ಸಾಂತೋಮಿನಲ್ಲಿ ಅವನಿಗೊಬ್ಬಳು ಗೆಳತಿ ಇದ್ದಳು, ಅದಕ್ಕೇ ಈ ಜಾಗ ಹಿಡಿದ ಅನ್ನೋ ಗಾಳಿಮಾತೂ ಉಂಟು!) 1639ರಲ್ಲಿ ಈ ತೀರವನ್ನು ಆಳುತ್ತಿದ್ದ ಸಾಮಂತ ದಾಮರ್ಲ ವೆಂಕಟಾದ್ರಿ ನಾಯಕ ಜಾಗ ಕೊಟ್ಟ. ಅವನ ದೊರೆ ಯಾರು ಗೊತ್ತಾ? ಚಂದ್ರಗಿರಿಯ ರಾಯ, ವಿಜಯನಗರದ ಕೊನೆಯ ರಾಜವಂಶವಾದ ಅರವೀಡು ಮನೆತನದವ. ಹಂಪಿ ಹಾಳಾಗಿ 70 ವರ್ಷ ದಾಟಿದ್ದರೂ ವಿಜಯನಗರದ ಹೆಸರಲ್ಲಿ ಇನ್ನೂ ಜಮೀನು ಕೊಡುತ್ತಿದ್ದರು. ಮುಂದಿನ ವರ್ಷವೇ ಕೋಟೆ ಕೆಲಸ ಶುರು.

ಗಂಗೊಳ್ಳಿ ಮಾಣಿ:
ನಮ್ಮಜ್ಜ ದೋಣಿ ಕಟ್ಟುತ್ತಿದ್ದರು, ಹಾಗಾಗಿ ನಾನೂ ಒಂದು ಮಾತು ಸೇರಿಸುತ್ತೇನೆ. ಹಡಗು ದೂರದಲ್ಲೇ ಲಂಗರು ಹಾಕುತ್ತಿತ್ತು. ದಡಕ್ಕೆ ತರುತ್ತಿದ್ದದ್ದು ಮಸೂಲಾ ದೋಣಿ. ಅದರ ಹಲಗೆಗಳಿಗೆ ಮೊಳೆ ಇಲ್ಲ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿರುತ್ತಾರೆ. ಮೊಳೆ ಹೊಡೆದ ದೋಣಿ ಮರಳಿಗೆ ಬಡಿದರೆ ಸೀಳಿಹೋಗುತ್ತದೆ, ಹೊಲಿದದ್ದು ಬಳುಕುತ್ತದೆ. ಗವರ್ನರ್ ಬಂದರೂ ಅದರಲ್ಲೇ ಇಳಿಯಬೇಕಿತ್ತು. ಸಮುದ್ರದೊಳಕ್ಕೆ ಚಾಚಿದ ಕಬ್ಬಿಣದ ಸೇತುವೆ ಬಂದದ್ದೇ 1861ರಲ್ಲಿ. ಆಮೇಲೆ ಕಟ್ಟತೊಡಗಿದ ಬಂದರಿನ ಗೋಡೆಯನ್ನು 1881ರ ಚಂಡಮಾರುತ ನುಂಗಿತು.

ಘಟ್ಟದವ:
ಹೊಲಿದ ದೋಣಿಯಲ್ಲಿ ಗವರ್ನರ್! ಇನ್ನೊಂದು ಪ್ರಶ್ನೆ. ಹೈಕೋರ್ಟ್ ಜಾಗದಲ್ಲಿ ಮೊದಲು ಊರಿತ್ತು ಅಂತಾರೆ, ನಿಜವಾ?

ಹಳೇನಾಣ್ಯ:
ನಿಜ. ನೇಕಾರರು, ದುಬಾಷಿಗಳು (ಮಾತು ಅನುವಾದಿಸುವ ಮಧ್ಯವರ್ತಿಗಳು), ವ್ಯಾಪಾರಿಗಳು ಕೋಟೆಯ ಉತ್ತರಕ್ಕೆ ಒತ್ತಾಗಿ ನೆಲೆಸಿದ್ದರು. ಇಂಗ್ಲಿಷರು ಅದನ್ನು ಬ್ಲ್ಯಾಕ್ ಟೌನ್ ಅಂದರು. 1746ರಲ್ಲಿ ಕೋಟೆ ಹಿಡಿದ ಫ್ರೆಂಚರು ಗೋಡೆ ಪಕ್ಕದ ಮನೆಗಳನ್ನು ಕೆಡವಿದರು. 1749ರಲ್ಲಿ ವಾಪಸ್ ಬಂದ ಇಂಗ್ಲಿಷರು ಮುಂದೆ ಉಳಿದದ್ದನ್ನೂ ಕೆಡವಿದರು. ಫಿರಂಗಿಗೆ ಎದುರು ಬಯಲು ಬೇಕು, ಅಷ್ಟೇ. ಚೆನ್ನಕೇಶವ ಗುಡಿಯೂ ಹೋಯಿತು, ಆಮೇಲೆ ಬೇರೆ ಕಡೆ ಕಟ್ಟಿಕೊಟ್ಟರು. ಇಲ್ಲಿಂದಾಚೆ ಮನೆ ಕಟ್ಟಬೇಡಿ ಅಂತ 1773ರಲ್ಲಿ ನೆಟ್ಟ ಗಡಿಕಂಬ ಒಂದು ಇನ್ನೂ ಇದೆ, ಪ್ಯಾರಿಸ್ ಕಾರ್ನರಿನ ಡೇರ್ ಹೌಸ್ ಕಟ್ಟಡದಲ್ಲಿ.

ಘಟ್ಟದವ:
ಅಯ್ಯೋ, ದಿನಾ ಅದೇ ಕಟ್ಟಡದ ಮುಂದೆ ಬಸ್ಸಿಗೆ ಓಡುತ್ತೇನೆ! ನಾಳೆ ಹತ್ತು ನಿಮಿಷ ಮುಂಚೆ ಹೊರಡುತ್ತೇನೆ.