ವರ್ಷ ಮುಗಿಯುವ ಮೊದಲು ಮನೆಯಲ್ಲಿ ಆತ್ಮಶೋಧನೆ, ಕೃತಜ್ಞತೆ: ಕ್ರಮ ಹೇಗೆ?

ಕಲ್ಯಾಣಪುರದ ಓದುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 31ರ ರಾತ್ರಿ ಇಗರ್ಜಿಗೆ ಹೋಗುವುದು, ಪೂಜೆ ಮುಗಿಸಿ ಶುಭಾಶಯ ಹೇಳಿ ಬರುವುದು ಪ್ರತಿವರ್ಷ ಉಂಟು. ಈ ಸಲ ಅದಕ್ಕೆ ಮೊದಲೇ ಮನೆಯಲ್ಲಿ ಕೂತು ಕಳೆದ ವರ್ಷವನ್ನು ದೇವರ ಮುಂದೆ ಇಟ್ಟು ನೋಡಬೇಕು ಅಂತ ಮನಸ್ಸು. ಎಷ್ಟು ಹೊತ್ತು ಬೇಕು, ಯಾವುದರಿಂದ ಶುರು ಮಾಡುವುದು ಗೊತ್ತಿಲ್ಲ. ಮಗಳು ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ) ಆ್ಯಪ್ ಬಳಸುತ್ತಾಳೆ, ಕ್ರೈಸ್ತರಾದ ನಮಗೆ ಅದು ಸರಿಯೇ? ಜನವರಿಯಲ್ಲಿ ಕೃತಜ್ಞತೆಯ ಪುಸ್ತಕ ಶುರು ಮಾಡಿದವರೆಲ್ಲ ತಿಂಗಳೊಳಗೆ ಬಿಡುವುದು ಏಕೆ? ಇನ್ನೊಂದು, ಜೂನ್‌ನಲ್ಲಿ ನಮ್ಮ ಮನೆಯಲ್ಲಿ ಸಾವಾಗಿದೆ. "ಎಲ್ಲದಕ್ಕೂ ಸ್ತೋತ್ರ" ಅಂತ ಹೇಳಲಿಕ್ಕೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಕಥೋಲಿಕರೂ ಸಿಎಸ್‌ಐ ಸಭೆಯ ಪ್ರೊಟೆಸ್ಟಂಟರೂ ಇದ್ದೇವೆ, ಇಬ್ಬರಿಗೂ ಆಗುವಂಥದ್ದು ಹೇಳಿ.

ಬಿಜೈ ಇಗ್ನೇಷಿಯನ್:

ಒಂದೇ ರಾತ್ರಿಯಲ್ಲಿ ಹನ್ನೆರಡು ತಿಂಗಳು ಮುಗಿಸಲಿಕ್ಕೆ ಹೋಗಬೇಡಿ ಮೇಡಂ. 31ಕ್ಕೆ ಸಂಜೆಯಿಂದಲೇ ಫೋನು, ನೆಂಟರು, ಪಟಾಕಿ. ಕ್ರಿಸ್ಮಸ್ ಗಡಿಬಿಡಿ ಇಳಿದ ಮೇಲೆ 27, 28, 29 ಹೀಗೆ ಮೂರು ಸಂಜೆ ಇಟ್ಟುಕೊಳ್ಳಿ. ಸಂಜೆಗೆ ನಾಲ್ಕು ತಿಂಗಳು, ನಲವತ್ತು ನಿಮಿಷ. ಮೊದಲ ಮೂರು ನಿಮಿಷ ಸುಮ್ಮನೆ ಕೂರಲಿಕ್ಕೆ, ತಿಂಗಳಿಗೆ ಏಳರಂತೆ ಇಪ್ಪತ್ತೆಂಟು, ಉಳಿದ ಒಂಬತ್ತು ದೇವರೊಡನೆ ಮಾತಾಡಲಿಕ್ಕೆ. ಊಟಕ್ಕೆ ಮೊದಲೇ ಕೂರಿ. ಊಟವಾದ ಮೇಲೆ ಕೂತರೆ ಎರಡನೇ ತಿಂಗಳಿಗೇ ತೂಕಡಿಕೆ.

ನೆನಪೊಂದನ್ನೇ ನಂಬಬೇಡಿ. ತಾನಾಗಿ ನೆನಪಿಗೆ ಬರುವುದು ನವೆಂಬರ್, ಡಿಸೆಂಬರ್ ಮತ್ತು ದೊಡ್ಡ ಜಗಳಗಳು, ಅಷ್ಟೇ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಇಳಿಸಿ ಎದುರಿಗಿಡಿ. ಗ್ಯಾಸ್ ಸಿಲಿಂಡರ್ ಬಂದ ತಾರೀಕು, ಹಾಲಿನ ಲೆಕ್ಕ, ಡಾಕ್ಟರನ್ನು ನೋಡಲಿಕ್ಕಿದ್ದ ದಿನಕ್ಕೆ ಹಾಕಿದ ಸುತ್ತು, ಯಾರದೋ ಮದುವೆಯ ರೋಸ್ (ಮದುವೆಗೆ ಮೊದಲಿನ ತೆಂಗಿನ ಹಾಲಿನ ಶಾಸ್ತ್ರ): ಮರೆತ ವಾರಗಳು ಅಲ್ಲಿಂದಲೇ ತೆರೆಯುತ್ತವೆ. ಫೋನಿನ ಫೋಟೋಗಳನ್ನು ಹಿಂದಿನ ದಿನವೇ ನೋಡಿ ಇಡಿ. ಪ್ರಾರ್ಥನೆಯ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿರಲಿ.

ಕ್ರಮ ಸಂತ ಇಗ್ನೇಷಿಯಸ್ ಲೊಯೊಲಾ ಅವರದು. ಅವರ "ಆಧ್ಯಾತ್ಮಿಕ ಸಾಧನೆಗಳು" ಪುಸ್ತಕಕ್ಕೆ ಮೂರನೇ ಪಾವ್ಲ್ ಜಗದ್ಗುರುಗಳ (ಪೋಪರ) ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಅವರು ಕಟ್ಟಿದ ಸಂಘದ ಗುರುಗಳು, ಅಂದರೆ ಜೆಸ್ವಿತರು, ಮಂಗಳೂರಿಗೆ ಬಂದಿಳಿದದ್ದೂ ವರ್ಷದ ಕೊನೆಯ ದಿನವೇ, 1878ರ ಡಿಸೆಂಬರ್ 31ರಂದು. ಇಗ್ನೇಷಿಯಸರ ದಿನನಿತ್ಯದ ಆತ್ಮಶೋಧನೆಗೆ ಐದು ಹಂತ. ಮೊದಲು ಪಡೆದದ್ದಕ್ಕೆ ವಂದನೆ. ಎರಡನೆಯದು ತನ್ನನ್ನು ತಾನು ಕಾಣಲಿಕ್ಕೆ ಬೆಳಕು ಬೇಡುವುದು. ಮೂರನೆಯದು ಹೊತ್ತು ಹೊತ್ತಿನ ಲೆಕ್ಕ, ನಾಲ್ಕನೆಯದು ಕ್ಷಮೆ, ಐದನೆಯದು ದೇವರ ಸಹಾಯದಿಂದ ತಿದ್ದಿಕೊಳ್ಳುವ ತೀರ್ಮಾನ. ಕೊನೆಗೆ ಯೇಸು ಕಲಿಸಿದ ಪರಲೋಕ ಮಂತ್ರ. ವರ್ಷಕ್ಕೆ ಮಾಡುವಾಗ "ಹೊತ್ತು" ಇದ್ದಲ್ಲಿ "ತಿಂಗಳು" ಇಟ್ಟುಕೊಂಡರಾಯಿತು.

ಈ ಸರದಿ ತಪ್ಪಿಸಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ವಂದನೆ ಬಿಟ್ಟು ತಪ್ಪುಗಳಿಂದ ಶುರು ಮಾಡಿದರೆ ಹತ್ತು ನಿಮಿಷದಲ್ಲಿ ಮನಸ್ಸು ಕುಗ್ಗುತ್ತದೆ, ಇಲ್ಲವೇ ತನ್ನ ಪರ ವಾದ ಹೂಡುತ್ತದೆ. ಎರಡನೇ ಹಂತ ಹಾರಿಸಿದರೆ ಉಳಿಯುವುದು ಆಫೀಸಿನ ವರ್ಷಾಂತ್ಯದ ಲೆಕ್ಕಪತ್ರ ಮಾತ್ರ, ಅದರಲ್ಲಿ ದೇವರಿಗೆ ಕೆಲಸವೇ ಇಲ್ಲ. ಬೆಳಕು ಬೇಡುವ ಆ ಒಂದು ವಾಕ್ಯವನ್ನು ಪ್ರತಿ ತಿಂಗಳಿಗೆ ಮೊದಲು ಮತ್ತೆ ಹೇಳಿ.

ಪುಸ್ತಕದಲ್ಲಿ ತಿಂಗಳಿಗೆ ಮೂರೇ ಸಾಲು: ಏನು ಸಿಕ್ಕಿತು, ಯಾರ ಕೈಯಿಂದ ಸಿಕ್ಕಿತು, ನಾನು ಎಲ್ಲಿ ಮುಖ ತಿರುಗಿಸಿದೆ. ನನ್ನ ಮಟ್ಟಿಗೆ ಎರಡನೇ ಸಾಲೇ ಮುಖ್ಯ. "ಆರೋಗ್ಯ ಕೊಟ್ಟೆ, ಸ್ತೋತ್ರ" ಅಂತ ಬರೆದು ಮುಂದೆ ಹೋಗುವುದು ಸುಲಭ. "ಮಾರ್ಚ್‌ನಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮನೆಯವರು ಮೂರು ರಾತ್ರಿ ಗಂಜಿ ತಂದುಕೊಟ್ಟರು" ಅಂತ ಬರೆದರೆ ವಂದನೆಗೆ ಒಂದು ಮುಖ ಸಿಗುತ್ತದೆ. 30ರಂದು ಆ ಸಾಲುಗಳಿಂದ ಮೂವರನ್ನು ಆರಿಸಿ, ಜನವರಿ 6ರ ಮೂರು ರಾಯರ ಹಬ್ಬದೊಳಗೆ ಅವರ ಮನೆಗೆ ಹೋಗಿ ಅಥವಾ ಫೋನ್ ಮಾಡಿ ವಿಷಯ ಹೆಸರಿಸಿ ಹೇಳಿ. ಉಳಿದ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಒಂದು ಡಬ್ಬಿ ಕೈಯಲ್ಲಿದ್ದರೆ ಮಾತು ತೆಗೆಯಲಿಕ್ಕೆ ಸುಲಭ.

ತೀರ್ಮಾನ ಒಂದೇ ಒಂದು ಸಾಕು. ಇದಕ್ಕೂ ಇಗ್ನೇಷಿಯಸ್ ಉಪಾಯ ಹೇಳಿದ್ದಾರೆ. ಒಂದು ದೋಷವನ್ನು ಮಾತ್ರ ಹಿಡಿದು ಬೆಳಿಗ್ಗೆ ಎದ್ದ ಕೂಡಲೇ ಎಚ್ಚರ ತಂದುಕೊಳ್ಳುವುದು, ಮಧ್ಯಾಹ್ನದ ಊಟದ ಮೇಲೆ ಮತ್ತು ರಾತ್ರಿ ಊಟದ ಮೇಲೆ ಎಷ್ಟು ಸಲ ಬಿದ್ದೆ ಅಂತ ಗೆರೆಯ ಮೇಲೆ ಚುಕ್ಕೆ ಹಾಕುವುದು. ದಿನಕ್ಕೆ ಎರಡು ಗೆರೆ. ನಿನ್ನೆಯನ್ನು ಇಂದಿನೊಡನೆ, ಈ ವಾರವನ್ನು ಹೋದ ವಾರದೊಡನೆ ಹೋಲಿಸಬೇಕು. "ಈ ವರ್ಷ ಕೋಪ ಬಿಡುತ್ತೇನೆ" ಅನ್ನುವುದು ಎರಡು ವಾರ ಬಾಳುವುದಿಲ್ಲ. "ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಹೊರಡಿಸುವಾಗ ಕಿರುಚುವುದಿಲ್ಲ" ಅನ್ನುವುದನ್ನು ಎಣಿಸಲಿಕ್ಕೆ ಆಗುತ್ತದೆ.

ಬಿಕರ್ನಕಟ್ಟೆ ಮೌನ:

ಮೈಂಡ್‌ಫುಲ್‌ನೆಸ್ ಬಗ್ಗೆ. ಇವತ್ತು ಆ್ಯಪ್‌ಗಳಲ್ಲಿ ಸಿಗುವ ರೂಪ ಹೆಚ್ಚಾಗಿ 1979ರಲ್ಲಿ ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಟ್-ಝಿನ್ ಶುರು ಮಾಡಿದ ಎಂಟು ವಾರಗಳ ಕಾರ್ಯಕ್ರಮದಿಂದ ಬಂದದ್ದು. ಅದರ ಬೇರು ಬೌದ್ಧ ಧ್ಯಾನದಲ್ಲಿದೆ, ಉದ್ದೇಶ ಒತ್ತಡ ಮತ್ತು ನೋವು ನಿಭಾಯಿಸುವುದು. ಮಗಳಿಗೆ ಅದರಿಂದ ನಿದ್ದೆ ಬರುತ್ತದಾದರೆ ಬರಲಿ, ಗಾಬರಿ ಬೇಡ. ಅದನ್ನೇ ಪ್ರಾರ್ಥನೆ ಅಂದುಕೊಳ್ಳುವುದು ಬೇಡ, ಅಷ್ಟೇ. ವ್ಯಾಟಿಕನ್ 1989ರ ಅಕ್ಟೋಬರ್‌ನಲ್ಲಿ ಕ್ರೈಸ್ತ ಧ್ಯಾನದ ಬಗ್ಗೆ ಬಿಷಪರಿಗೆ ಬರೆದ ಪತ್ರದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಬೇರೆ ಧರ್ಮಗಳ ವಿಧಾನಗಳನ್ನು ಸಾರಾಸಗಟು ತಳ್ಳಬೇಕಿಲ್ಲ. ಆದರೆ ದೇಹ ಸಡಿಲವಾದಾಗ ಆಗುವ ಹಿತವನ್ನು ಪವಿತ್ರಾತ್ಮರ ಸಾಂತ್ವನ ಅಂತ ತಿಳಿಯುವುದು ತಪ್ಪು. ಕ್ರೈಸ್ತ ಪ್ರಾರ್ಥನೆಯಲ್ಲಿ ಗಮನ ಇಡುವುದು ಒಬ್ಬರ ಕಡೆಗೆ, ತನ್ನ ಉಸಿರಿನ ಕಡೆಗಲ್ಲ.

ಹಾಗಂತ ಉಸಿರು ನಮಗೆ ಹೊರಗಿನದೇನೂ ಅಲ್ಲ. ಇಗ್ನೇಷಿಯಸರ ಮೂರನೇ ಪ್ರಾರ್ಥನಾ ವಿಧಾನವೇ ಅದು: ಪರಲೋಕ ಮಂತ್ರದ ಒಂದೊಂದು ಪದಕ್ಕೆ ಒಂದೊಂದು ಉಸಿರು. ನಾಲ್ಕನೇ ಶತಮಾನದ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಚಿಕ್ಕ ಕೀರ್ತನೆಯ ಸಾಲನ್ನು ಇಡೀ ದಿನ ಬಾಯಲ್ಲಿಟ್ಟುಕೊಳ್ಳುತ್ತಿದ್ದರು. 70ನೇ ಕೀರ್ತನೆಯ ಮೊದಲ ವಚನವನ್ನು, ದೇವರೇ ಬೇಗ ಬಂದು ಸಹಾಯ ಮಾಡು ಅನ್ನುವುದನ್ನು, ಸಂತ ಕ್ಯಾಸಿಯನ್ ಇದಕ್ಕೇ ಶಿಫಾರಸು ಮಾಡುತ್ತಾರೆ. 17ನೇ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಪಾತ್ರೆಗಳ ಗದ್ದಲದ ನಡುವೆಯೇ ದೇವರ ಸನ್ನಿಧಿಯಲ್ಲಿರುವುದನ್ನು ರೂಢಿಸಿಕೊಂಡವರು.

ಬಿಜೈಯವರು ಹೇಳಿದ ಮೊದಲ ಮೂರು ನಿಮಿಷಕ್ಕೆ ಹೀಗೆ ಮಾಡಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಎರಡೂ ಪಾದ ನೆಲಕ್ಕೆ, ಕೈ ತೊಡೆಯ ಮೇಲೆ. ಉಸಿರು ಒಳಗೆ ಹೋಗುವಾಗ "ಯೇಸುವೇ", ಹೊರಗೆ ಬರುವಾಗ "ಕರುಣಿಸು". ಉಸಿರನ್ನು ಎಳೆಯಬೇಡಿ, ಹಿಡಿಯಬೇಡಿ. ಎಳೆದರೆ ತಲೆ ಸುತ್ತುತ್ತದೆ, ಗಮನವೆಲ್ಲ ಅದರ ಮೇಲೇ ಹೋಗುತ್ತದೆ. ಮನಸ್ಸು ಮೀನಿನ ಸಾರಿಗೆ ಓಡಿದರೆ ಬೈದುಕೊಳ್ಳುವುದು ಬೇಡ, ಆ ಎರಡು ಪದಕ್ಕೆ ವಾಪಸು ಬನ್ನಿ. ಎಷ್ಟು ಸಲ ಓಡಿತು ಅಂತ ಎಣಿಸುವುದೂ ಬೇಡ.

ಸಾವಾದ ಮನೆ ಅಂದಿರಿ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ದುಃಖ ಹೊಸದಿರುವವರಿಗೆ, ಆತಂಕದ ತೊಂದರೆ ಇರುವವರಿಗೆ ಕಣ್ಣು ಮುಚ್ಚಿ ಮೌನದಲ್ಲಿ ಕೂತ ಕೂಡಲೇ ಎದೆ ಹೊಡೆದುಕೊಳ್ಳಬಹುದು, ಆಸ್ಪತ್ರೆಯ ದೃಶ್ಯಗಳೇ ಕಣ್ಣೆದುರು ಬರಬಹುದು. ಅದು ಭಕ್ತಿ ಸಾಲದ್ದರಿಂದ ಅಲ್ಲ. ಕಣ್ಣು ತೆರೆದು ಮೇಣದಬತ್ತಿಯನ್ನು ನೋಡುತ್ತಾ ಕೂರಲಿ, ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಲಿ, ಬೇಕಾದರೆ ಅಂಗಳದಲ್ಲಿ ನಡೆಯುತ್ತಾ ಹೇಳಲಿ. ಮತ್ತೆ ಮತ್ತೆ ಹಾಗೇ ಆದರೆ ನಿಲ್ಲಿಸಿ ಡಾಕ್ಟರನ್ನೋ ಆಪ್ತ ಸಮಾಲೋಚಕರನ್ನೋ ಕಾಣಬೇಕು.

ಬಲ್ಮಠದ ಸ್ವರ:

ಜೂನ್ ತಿಂಗಳ ಪ್ರಶ್ನೆಗೆ ಉತ್ತರಿಸುತ್ತೇನೆ. ಅದೇ ಇಲ್ಲಿ ಭಾರದ್ದು.

ಪೌಲನು 1 ಥೆಸಲೋನಿಕ 5:18ರಲ್ಲಿ ಹೇಳುವುದು ಎಲ್ಲಾ ಸ್ಥಿತಿಯಲ್ಲಿ ಸ್ತೋತ್ರ ಮಾಡಿರಿ ಅಂತ. ಸಾವಿಗಾಗಿ ಸ್ತೋತ್ರ ಮಾಡಿ ಅಂತ ಅಲ್ಲಿ ಇಲ್ಲ. ಲಾಜರನ ಸಮಾಧಿಯ ಎದುರು ಯೇಸುವೇ ಅತ್ತದ್ದುಂಟು. ಹೋದವರ ಬದುಕಿಗಾಗಿ ವಂದಿಸಿ, ಹೋದದ್ದಕ್ಕೆ ಅಳಿ, ಎರಡನ್ನೂ ಒಂದೇ ಪ್ರಾರ್ಥನೆಯಲ್ಲಿ ಮಾಡಬಹುದು. ಕೀರ್ತನೆಗಳಲ್ಲಿ ದೂರಿನ ಕೀರ್ತನೆಗಳೇ ಬಹಳ. 13ನೆಯದು "ಎಷ್ಟರವರೆಗೆ" ಅಂತ ಶುರುವಾಗಿ ಆರೇ ವಚನಗಳಲ್ಲಿ ಭರವಸೆಗೆ ಬಂದು ಮುಟ್ಟುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಸ್ತೋತ್ರದ ಸಾಲಿಲ್ಲ. ಅದೂ ದೇವರ ವಾಕ್ಯವೇ. ಜೂನ್ ಪುಟ ಬಂದಾಗ 88 ಅನ್ನು ಒಬ್ಬರು ನಿಧಾನವಾಗಿ ಓದಲಿ, ಹೋದವರ ಹೆಸರು ಹೇಳಿ, ಎರಡು ನಿಮಿಷ ಸುಮ್ಮನಿರಿ. ಮೂರು ಸಾಲು ಖಾಲಿ ಉಳಿದರೆ ಉಳಿಯಲಿ. "ಕಷ್ಟಪಡದೆ ಹೋದರಲ್ಲಾ, ಅದೇ ದೊಡ್ಡದು" ಅಂತ ಸಮಾಧಾನ ಹೇಳುವವರನ್ನು ಮೊದಲೇ ತಡೆಯಿರಿ, ಮನೆಯವರ ಬಾಯಿ ಮುಚ್ಚಿಸುವ ಮಾತು ಅದು.

ಸಿಎಸ್‌ಐ ಮನೆಗಳಲ್ಲಿ 31ರ ರಾತ್ರಿಯ ವಾಚ್‌ನೈಟ್ ಆರಾಧನೆಯಲ್ಲಿ ಹೊಸ ವರ್ಷಕ್ಕೆ ವಾಗ್ದಾನ ವಚನದ ಚೀಟಿ ತೆಗೆಯುವ ರೂಢಿ ಇದ್ದರೆ ಅದನ್ನೂ ಸ್ವಲ್ಪ ಎಚ್ಚರದಿಂದ ಮಾಡಬೇಕು. ದಿನದ ವಚನ ಆರಿಸುವ ಪದ್ಧತಿಗೆ ಉದ್ದದ ಚರಿತ್ರೆಯೇ ಇದೆ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದವರು 1728ರಲ್ಲಿ ಮನೆಮನೆಗೆ ದಿನದ ವಚನ ತಲುಪಿಸಲಿಕ್ಕೆ ಶುರು ಮಾಡಿ, 1731ಕ್ಕೆ ಅದನ್ನು ಪುಸ್ತಕವಾಗಿ ಅಚ್ಚು ಹಾಕಿದರು. ಆದರೆ ಚೀಟಿಯನ್ನು ವರ್ಷಫಲದ ಹಾಗೆ ಓದಿದರೆ ಫೆಬ್ರವರಿಯಲ್ಲಿ ಕಾಯಿಲೆ ಬಂದಾಗ ನಂಬಿಕೆಯೇ ಅಲ್ಲಾಡುತ್ತದೆ. ಎಲ್ಲರಿಗೂ ಪ್ರಿಯವಾದ ಯೆರೆಮೀಯ 29:11 ತೆಗೆದುಕೊಳ್ಳಿ. ಒಳ್ಳೆಯ ಭವಿಷ್ಯದ ಮಾತು ನಿಜ, ಅದರ ಹಿಂದಿನ ವಚನದಲ್ಲೇ ಬಾಬೆಲಿನಲ್ಲಿ ಎಪ್ಪತ್ತು ವರ್ಷ ಕಳೆಯಬೇಕು ಅಂತ ಉಂಟು. ಚೀಟಿ ಬಂದ ಮೇಲೆ ಜನವರಿ 1ರಂದು ಇಡೀ ಅಧ್ಯಾಯ ಓದಿ. ಪ್ರತಿ ತಿಂಗಳ ಒಂದನೇ ತಾರೀಕು ಅದೇ ಅಧ್ಯಾಯಕ್ಕೆ ಮರಳಿ.

ಎರಡು ಸಭೆಯವರೂ ಒಟ್ಟಿಗೆ ಓದಲಿಕ್ಕೆ 103ನೇ ಕೀರ್ತನೆ ಸಾಕು. ಎರಡನೇ ವಚನದಲ್ಲಿ ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಅಂತ ತನ್ನ ಮನಸ್ಸಿಗೇ ಹೇಳಿಕೊಳ್ಳುವುದುಂಟು.

ಶಿರ್ವದಿಂದ:

ಪುಸ್ತಕ ನಿಲ್ಲುವುದು ದಿನಾ ಬರೆಯುವುದರಿಂದ. ನಾಲ್ಕನೇ ದಿನಕ್ಕೆ "ಆರೋಗ್ಯ, ಮನೆ, ಮಕ್ಕಳು" ಅಂತ ಅದೇ ಮೂರು ಪದ, ಆಮೇಲೆ ಬೇಸರ. ಎಮನ್ಸ್ ಮತ್ತು ಮೆಕಲಾ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲೂ ಒಂದು ಗುಂಪು ಬರೆದದ್ದು ವಾರಕ್ಕೊಮ್ಮೆ, ಹೆಚ್ಚೆಂದರೆ ಐದು ವಿಷಯ, ಹತ್ತು ವಾರ. ಶನಿವಾರ ಸಂಜೆ ಮೂರು ವಿಷಯ ಬರೆಯಿರಿ, ಭಾನುವಾರ ಪೂಜೆಯಲ್ಲಿ ಕಾಣಿಕೆಯ ಹೊತ್ತಿಗೆ ಅದನ್ನೇ ಮನಸ್ಸಿನಲ್ಲಿ ಒಪ್ಪಿಸಿ. ಹಿಂದಿನ ವಾರದ್ದು ಮತ್ತೆ ಬರೆಯುವ ಹಾಗಿಲ್ಲ ಅಂತ ನಿಯಮ ಇಟ್ಟುಕೊಂಡರೆ ಕಣ್ಣು ಚುರುಕಾಗುತ್ತದೆ.

ಮಕ್ಕಳಿದ್ದರೆ ತೇರ್ಸ್ (ಜಪಸರ) ಮುಗಿದು ಹಿರಿಯರ ಬೆಸಾಂವ್ (ಆಶೀರ್ವಾದ) ಕೇಳುವ ಮೊದಲು ಒಂದೊಂದು ವಾಕ್ಯ ಹೇಳಿಸಿ. ಒಟ್ಟು ಐದು ನಿಮಿಷ. ಮಗು "ಇವತ್ತು ಏನೂ ಇಲ್ಲ" ಅಂದರೆ ಒಪ್ಪಿಕೊಳ್ಳಿ. ದೊಡ್ಡವರು ಅಲ್ಲಿ ಬುದ್ಧಿ ಹೇಳಲಿಕ್ಕೆ ಹೊರಟರೆ ಮಾರನೇ ದಿನದಿಂದ ಮಕ್ಕಳು ದೊಡ್ಡವರಿಗೆ ಇಷ್ಟವಾದದ್ದನ್ನೇ ಹೇಳುತ್ತಾರೆ. ಸೆಪ್ಟೆಂಬರ್ ತಿಂಗಳಿಗೆ ಬಂದಾಗ ಮೊಂತಿ ಹಬ್ಬದ (ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ತೆನೆ ಇನ್ನೂ ಮನೆಯ ಆಲ್ತಾರಿನಲ್ಲಿದ್ದರೆ (ಪ್ರಾರ್ಥನೆಯ ಪೀಠದಲ್ಲಿದ್ದರೆ) ತೆಗೆದು ಮಕ್ಕಳ ಕೈಗೆ ಕೊಡಿ. ಆ ದಿನ ಹೊಸ ಅಕ್ಕಿಯ ಪುಡಿ ಹಾಕಿದ ಹಾಲು ಯಾರು ಬಡಿಸಿದರು, ಊಟಕ್ಕೆ ಯಾರೆಲ್ಲ ಕೂತಿದ್ದರು ಅಂತ ಕೇಳಿದರೆ ಅವರೇ ಹೇಳುತ್ತಾ ಹೋಗುತ್ತಾರೆ.

ಕಲ್ಯಾಣಪುರದ ಓದುಗಿ:

ಎಲ್ಲರಿಗೂ ತುಂಬಾ ಉಪಕಾರ. ಜೂನ್ ಪುಟದ ಬಗ್ಗೆ ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದೆ. ಅತ್ತೆಗೆ ಈ ಸಲ ರಾತ್ರಿ ಇಗರ್ಜಿಗೆ ಬರಲಿಕ್ಕೆ ಕಷ್ಟ. ಅವರ ಜೊತೆ ಮನೆಯಲ್ಲಿ ಇರುವವರು 31ರ ರಾತ್ರಿ ಏನು ಮಾಡಬಹುದು?

ಬಿಜೈ ಇಗ್ನೇಷಿಯನ್:

ಹನ್ನೊಂದೂವರೆಗೆ ಟಿವಿ ಆರಿಸಿ. 103ನೇ ಕೀರ್ತನೆ ಓದಿ, ಮೂರು ಸಂಜೆಯ ಪುಸ್ತಕದಿಂದ ತಿಂಗಳಿಗೆ ಒಂದೇ ಸಾಲು ಗಟ್ಟಿಯಾಗಿ ಓದಿ. ಪ್ರತಿ ಸಾಲಿಗೂ ಉಳಿದವರು 136ನೇ ಕೀರ್ತನೆಯ ಪಲ್ಲವಿ, ಆತನ ಕೃಪೆ ಶಾಶ್ವತ ಅನ್ನುವುದನ್ನು, ಹೇಳಲಿ. ಅತ್ತೆಯವರಿಗೆ ಹೆಚ್ಚು ಹೊತ್ತು ಕೂರಲಿಕ್ಕೆ ಆಗದಿದ್ದರೆ ಇಷ್ಟನ್ನೂ ರಾತ್ರಿ ಎಂಟಕ್ಕೇ ಮುಗಿಸಬಹುದು, ಹನ್ನೆರಡರ ವರೆಗೆ ಕಾಯಲೇಬೇಕೆಂದಿಲ್ಲ. ಇಗರ್ಜಿಗೆ ಹೋಗುವ ಕಥೋಲಿಕರಿಗೆ ಒಂದು ಮಾತು: ವರ್ಷದ ಕೊನೆಯ ದಿನ ಇಗರ್ಜಿಯಲ್ಲಿ ಎಲ್ಲರೊಡನೆ ತೆ ದೇಉಮ್ ಸ್ತೋತ್ರ ಹಾಡಿದರೆ ಪೂರ್ಣ ದಂಡವಿಮೋಚನೆ (ಕ್ಷಮೆಯಾದ ಪಾಪಕ್ಕೆ ಉಳಿದ ಶಿಕ್ಷೆಯ ಪೂರ್ತಿ ಮನ್ನಾ) ಉಂಟು. ಪಾಪನಿವೇದನೆ, ಪರಮಪ್ರಸಾದ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥನೆ ಮೊದಲಾದ ಎಂದಿನ ಷರತ್ತುಗಳ ಮೇಲೆ. ಪಾಪನಿವೇದನೆಯನ್ನು 31ರ ಸಾಲಿಗೆ ಬಿಡಬೇಡಿ, ಮೊದಲೇ ಮಾಡಿಕೊಳ್ಳಿ.

ಬಲ್ಮಠದ ಸ್ವರ:

ಕೊನೆಗೆ ಅತ್ತೆಯವರ ಕೈಯಿಂದಲೇ ಆಶೀರ್ವಾದ ಕೊಡಿಸಿ. ಅರಣ್ಯಕಾಂಡ 6:24ರಿಂದ 26ರ ವರೆಗಿನ ಆರೋನನ ಆಶೀರ್ವಾದ ಮೂರೇ ವಚನ. ಜನವರಿ 1ರ ಕಥೋಲಿಕ ಪೂಜೆಯ ಮೊದಲ ವಾಚನವೂ ಅದೇ ಭಾಗ, ಹಾಗಾಗಿ ಮನೆಯ ಎರಡೂ ಕಡೆಯವರಿಗೆ ಹೊಂದುತ್ತದೆ. ಅಕ್ಷರ ಕಾಣದಿದ್ದರೆ ಒಬ್ಬರು ಪಕ್ಕದಲ್ಲಿ ನಿಂತು ತುಂಡು ತುಂಡಾಗಿ ಹೇಳಿಕೊಡಲಿ, ಅವರು ಒಬ್ಬೊಬ್ಬರ ತಲೆ ಮುಟ್ಟಿ ಹೇಳಲಿ. ಊರಿನಿಂದ ಹೊರಗಿರುವ ಮಕ್ಕಳಿದ್ದರೆ ಆ ಹೊತ್ತಿಗೆ ಮಾತ್ರ ವೀಡಿಯೋ ಕಾಲ್ ಹಾಕಿ. ಹನ್ನೆರಡರ ಹೊತ್ತಿಗೆ ಲೈನ್ ಸಿಗುವುದು ಕಷ್ಟ, ಹನ್ನೊಂದೂ ಮುಕ್ಕಾಲಿನೊಳಗೆ ಮಾಡಿ.