ಅಪ್‌ಡೇಟ್: ಚೈನಾ ಸಿಂಬಲ್ ತಲೆಕೆಳಗಾಯಿತು, ಸದ್ದು ಸರಿಹೋಯಿತು

ನನ್ನ 18 ಇಂಚಿನ ಚೈನಾ ಸಿಂಬಲ್ (ಡ್ರಮ್ ಸೆಟ್‌ನಲ್ಲಿ ಕೋಲಿನಿಂದ ಬಾರಿಸುವ, ಅಂಚು ಬಾಗಿದ ಲೋಹದ ತಟ್ಟೆ) ಕಿವಿಗೆ ಚುಚ್ಚುತ್ತದೆ, ಕೋಲುಗಳೂ ಸಿಗಿಯುತ್ತಿವೆ ಎಂದು ಕೇಳಿದ್ದೆ. ತಲೆಕೆಳಗಾಗಿ ಕೂರಿಸಿ ಎಂದವರಿಗೆ ಮನಸಾರೆ ವಂದನೆ. ಮೇಲಕ್ಕೆ ಬಾಗಿದ್ದ ಅಂಚು ಈಗ ನೆಲ ನೋಡುತ್ತಿದೆ. ಕೋಲು ಹರಿತವಾದ ಅಂಚಿಗೆ ತಾಗದೆ ಅದು ಬಾಗಿದ ಕಡೆಯ ದುಂಡು ಬೆನ್ನಿಗೆ ಬೀಳುತ್ತದೆ. ಬಿಗಿದಿದ್ದ ನಟ್ಟನ್ನೂ ಒಂದು ಸುತ್ತು ಸಡಿಲಿಸಿದೆ, ತಟ್ಟೆ ಹಾಯಾಗಿ ತೂಗಿತು.

ಬಳ್ಳಾರಿಯ ಬಿಸಿಲಿಗೆ ಕಾದ ನಮ್ಮ ತಗಡಿನ ಕೋಣೆಯಲ್ಲಿ ನಿನ್ನೆ ಸಂಜೆ ಬಾರಿಸಿದೆ. ಎಂಥ ಸದ್ದು! ಗುಡಿಯ ಜಾಗಟೆಯ ನಾದ ಬಹಳ ಹೊತ್ತು ಉಳಿಯುತ್ತದೆ; ಇದು ‘ಖರ್‍ರ್’ ಎಂದು ಸಿಡಿದು ಥಟ್ಟನೆ ಅಡಗುತ್ತದೆ. ಆ ಒರಟುತನವೇ ಇದರ ಸೊಗಸು. ಒಮ್ಮೆಗೆ ಜೋರಾಗಿ ಬಾರಿಸುವ ಕ್ರ್ಯಾಶ್ ಸಿಂಬಲ್‌ನ ಹೊಳಪಿನ ನಾದವನ್ನು ಇದರಲ್ಲಿ ಹುಡುಕಿದ್ದು ನನ್ನ ತಪ್ಪು. ಮೆಲ್ಲಗೆ, ಒಂದೇ ಸಮನೆ ಲಯ ಹಿಡಿಯುವ ರೈಡ್ ಸಿಂಬಲ್‌ನಂತೆ ನುಡಿಸಿದಾಗಲಂತೂ ಗಾಢವಾದ ಗುಂಗು ಏಳುತ್ತದೆ.